ಮನೇಲಿ ಇವತ್ತು ಏನ್ ಸಾರು?

ತುರ್ತು ಚಿಕಿತ್ಸೆಯ ಕೊಠಡಿಗೆ ಬರುವ ಮನುಷ್ಯ ಸಾಧಾರಣವಾಗಿ ಮೂರು ವಸ್ತುಗಳನ್ನು ತರುತ್ತಾನೆ: ಒಂದು ನೋವು, ನಾಲ್ಕು ಜನ ನೆಂಟರು, ಆಧಾರ್ ಕಾರ್ಡಿನ ಜೆರಾಕ್ಸು. ನಮ್ಮ ಆಸ್ಪತ್ರೆಗೆ ಮಾತ್ರ ಜನ ನಾಲ್ಕನೆಯದೊಂದನ್ನೂ ತರುತ್ತಿದ್ದರು. ಸಾರಿನ ಪಾತ್ರೆ. ಕಾಲು ಮುರಿದವನೂ ತರುತ್ತಿದ್ದ, ಹೆರಿಗೆಗೆ ಬಂದವಳೂ ತರುತ್ತಿದ್ದಳು. ನಾಯಿ ಕಚ್ಚಿಸಿಕೊಂಡವನೊಬ್ಬ ಒಮ್ಮೆ ಎರಡು ಪಾತ್ರೆ ತಂದು ಮೇಜಿನ ಮೇಲಿಟ್ಟು, "ಇದು ನಾನು ಉಂಡಿದ್ದು, ಇದು ನಾಯಿ ಉಂಡಿದ್ದು" ಎಂದು ಹೇಳಿ ಕೈಕಟ್ಟಿ ನಿಂತ.

ಈ ಸಂಪ್ರದಾಯದ ಸ್ಥಾಪಕರಾದ ನಮ್ಮ ಡಾಕ್ಟರು ಹೋದ ತಿಂಗಳು ಜಡಿಗೇನಹಳ್ಳಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಹೃದಯಾಘಾತ. ಯಾರಿಗೆ ಬೇಕಾದರೂ ಬರಬಹುದಾದ, ಯಾರು ಬೇಕಾದರೂ ಗುರುತಿಸಬಹುದಾದ ಕಾಯಿಲೆ. ವಿಚಿತ್ರವಾದ ರೋಗಗಳನ್ನು ಹಿಡಿಯುವುದರಲ್ಲೇ ಸರ್ವೀಸು ಸವೆಸಿದ ಮನುಷ್ಯ ಇಷ್ಟು ಸಾಮಾನ್ಯವಾದದ್ದಕ್ಕೆ ಹೇಗೆ ಒಪ್ಪಿಕೊಂಡರೋ ತಿಳಿಯದು. ಸುದ್ದಿ ಕೇಳಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಆಕ್ಷೇಪಣೆ.

ನಾನು ಆ ಆಸ್ಪತ್ರೆಯ ಫಾರ್ಮಸಿಸ್ಟ್ ಆಗಿದ್ದೆ. ದೊಡ್ಡಬಳ್ಳಾಪುರದ ಕಡೆ ಎಂದಷ್ಟೇ ಹೇಳುತ್ತೇನೆ, ಆಸ್ಪತ್ರೆಯ ಹೆಸರು ಬೇಡ. ಗೋಡೆಯ ಮೇಲೆ ಬರೆದಿದ್ದ ಹೆಸರೇ ಅರ್ಧ ಅಳಿಸಿಹೋಗಿತ್ತು, ಅದರಿಂದ ಯಾರ ಜ್ವರವೂ ನಿಲ್ಲದೆ ಇರಲಿಲ್ಲ. ಜನ ನನ್ನನ್ನು ಕಾಂಪೌಂಡರ್ರೇ ಎಂದು ಕರೆಯುತ್ತಿದ್ದರು. ಕಾಂಪೌಂಡರಿಗೂ ಫಾರ್ಮಸಿಸ್ಟಿಗೂ ಇರುವ ವ್ಯತ್ಯಾಸವನ್ನು ನಾನು ನಿವೃತ್ತಿಯವರೆಗೂ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು, "ಸರಿ ಕಾಂಪೌಂಡರ್ರೇ" ಎಂದರು. ಡಾಕ್ಟರಿಗೆ ಇಟ್ಟಿದ್ದ ಹೆಸರು 'ಸಾರು ಡಾಕ್ಟ್ರು'. ಅವರು ಒಮ್ಮೆಯೂ ತಿದ್ದುವುದಕ್ಕೆ ಹೋಗಲಿಲ್ಲ. ದೊಡ್ಡವರು ಯಾರು ಎಂಬುದು ಇಂಥ ಕಡೆಯಲ್ಲಿ ತಿಳಿಯುತ್ತದೆ.

ಗಿಡ್ಡ ಆಳು. ಕನ್ನಡಕದ ಒಂದು ಕಡ್ಡಿ ಮುರಿದು ಅದರ ಜಾಗದಲ್ಲಿ ರೇಷ್ಮೆ ದಾರ ಕಟ್ಟಿದ್ದರು. ನೇಯ್ಗೆಯ ಊರಿನಲ್ಲಿ ಅದು ಪುಕ್ಕಟೆ ಸಿಗುವ ವಸ್ತು. ಚಪ್ಪಲಿಯನ್ನು ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಬರುತ್ತಿದ್ದರು. ರೋಗಿ ಮಂಚದ ಮೇಲೆ ಹೊರಳಾಡುತ್ತಿದ್ದರೂ ಮೊದಲ ಪ್ರಶ್ನೆ ಅದೇ, "ಮನೇಲಿ ಇವತ್ತು ಏನ್ ಸಾರು?"

ಯಾಕೆ ಹೀಗೆ ಎಂದು ಒಮ್ಮೆ ಕೇಳಿದೆ. "ಏನಾಯ್ತು ಅಂತ ಕೇಳಿದ್ರೆ ಜನ ಕಥೆ ಹೇಳ್ತಾರೆ ಕಣ್ರೀ. ಏನ್ ಸಾರು ಅಂತ ಕೇಳಿದ್ರೆ ನಿಜ ಹೇಳ್ತಾರೆ" ಎಂದರು. "ಗಂಡನಿಗೆ ಹೊಡೆದಿದ್ದು ಮುಚ್ಚಿಡ್ತಾರೆ, ಕುಡಿದಿದ್ದು ಮುಚ್ಚಿಡ್ತಾರೆ. ಹುರುಳಿಕಾಳು ಸಾರು ಮಾಡಿದ್ದನ್ನ ಯಾರು ಮುಚ್ಚಿಡ್ತಾರೆ ಹೇಳಿ?"

ಉತ್ತರ ಸಾಲದಿದ್ದರೆ ಪಾತ್ರೆ ತರಿಸುತ್ತಿದ್ದರು. ಮುಚ್ಚಳ ತೆಗೆದು ಮೂಸಿ, ಸೌಟಿನಲ್ಲಿ ಕದಡಿ, ಸಾರು ನಿರಪರಾಧಿ ಎಂದು ಖಾತ್ರಿಯಾದ ಮೇಲೆ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿ, "ಉಪ್ಪು ಒಂದ್ ಚೂರು ಕಮ್ಮಿ" ಎನ್ನುತ್ತಿದ್ದರು. ಅದು ಎಂಥ ಸಾರಾಗಲಿ, ತೀರ್ಪು ಅದೇ. ಜನಕ್ಕೆ ಬರಬರುತ್ತ ಅದರ ಅರ್ಥ ತಿಳಿಯಿತು: ಡಾಕ್ಟರು ಉಪ್ಪಿನ ಮಾತೆತ್ತಿದರೆ ರೋಗಿ ಉಳಿದ. ಹೊರಗೆ ಬೆಂಚಿನ ಮೇಲೆ ಕೂತ ನೆಂಟರು ನರ್ಸಮ್ಮನನ್ನು ತಡೆದು, "ಸಿಸ್ಟರ್, ಉಪ್ಪು ಹೇಳಿದ್ರಾ?" ಎಂದು ಕೇಳುತ್ತಿದ್ದರು. ರಕ್ತದೊತ್ತಡ, ಇಸಿಜಿ ಮೊದಲಾದವನ್ನು ಯಾರೂ ಕೇಳುತ್ತಿರಲಿಲ್ಲ.

ಅವರು ಸರ್ವಜ್ಞರಾಗಿದ್ದರೆಂದು ಹೇಳಿದರೆ ಅವರೇ ಎದ್ದು ಬಂದು ಬೈಯುತ್ತಾರೆ. ಹೊಲಕ್ಕೆ ಹೊಡೆಯುವ ಕೆಲವು ಔಷಧಿ ಕುಡಿದವರ ಮೈ ಬೆಳ್ಳುಳ್ಳಿಯಂತೆ ನಾರುತ್ತದೆ. ಇದನ್ನು ಅವರು ಹೊಸ ಡಾಕ್ಟರುಗಳಿಗೆ ವೇದದಂತೆ ಬೋಧಿಸುತ್ತಿದ್ದರು. ಒಂದು ಮಧ್ಯಾಹ್ನ ಒಬ್ಬ ಧಡೂತಿ ಆಸಾಮಿ ತಲೆಸುತ್ತು ಎಂದು ಬಂದ. ಬಾಗಿಲಲ್ಲೇ ಘಮ್ಮೆಂದು ಬೆಳ್ಳುಳ್ಳಿ. ಆ ದಿನ ಇವರು ಸಾರಿನ ಪ್ರಶ್ನೆ ಕೇಳದೆ, ಪಾಪೆಯನ್ನೂ ಸರಿಯಾಗಿ ನೋಡದೆ, ಮೂಗನ್ನು ನಂಬಿ ಹೊಟ್ಟೆ ತೊಳೆಸಿಬಿಟ್ಟರು. ನಳಿಕೆ ತೆಗೆದ ಮೇಲೆ ಆಸಾಮಿಗೆ ಮಾತು ಬಂತು: "ಮದುವೆ ಮನೇಲಿ ಬೆಳಿಗ್ಗೆಯಿಂದ ಬೆಳ್ಳುಳ್ಳಿ ಬಿಡಿಸ್ತಿದ್ದೆ ಸ್ವಾಮಿ. ಬಿಸಿಲು, ತಲೆ ಸುತ್ತು. ಈಗಷ್ಟೇ ಊಟ ಮುಗ್ಸಿದ್ದೆ. ಹೋಳಿಗೆ ಊಟ." ಡಾಕ್ಟರು ಅವನನ್ನು ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮದುವೆ ಮನೆಗೆ ಹೋಗಿ, ಎರಡನೇ ಪಂಕ್ತಿಯಲ್ಲಿ ಕೂರಿಸಿ, ಹೋಳಿಗೆ ಹಾಕಿಸಿ ಬಂದರು. ಅಂದಿನಿಂದ ಪ್ರಶ್ನೆ ಕೇಳದೆ ಯಾರನ್ನೂ ಮುಟ್ಟಲಿಲ್ಲ.

ನೀಲಿ ಮದುಮಗನ ಪ್ರಕರಣ ಇದಕ್ಕೆ ವಿರುದ್ಧವಾದದ್ದು. ಆಗ ನಮ್ಮಲ್ಲಿಗೆ ಒಬ್ಬ ಹೊಸ ಡಾಕ್ಟರು ಬಂದಿದ್ದರು. ಒಳ್ಳೆಯ ಹುಡುಗ, ಓದಿದ್ದೆಲ್ಲ ನೆನಪಿತ್ತು, ಅದೇ ತೊಂದರೆ. ನಿಶ್ಚಿತಾರ್ಥ ಮುಗಿಸಿ ಬಂದ ಮದುಮಗನೊಬ್ಬನ ಕೈ, ಕತ್ತು, ಎದೆ ಎಲ್ಲ ನೀಲಿ. ಹೊಸ ಡಾಕ್ಟರು ಆಕ್ಸಿಜನ್ ಹಾಕಿಸಿ, ಆಂಬುಲೆನ್ಸಿಗೆ ಫೋನ್ ಮಾಡಿಸಿ, ಬೆಂಗಳೂರಿಗೆ ಚೀಟಿ ಬರೆಯುತ್ತಿದ್ದರು. ಹೆಣ್ಣಿನ ಕಡೆಯವರು ಹೊರಗೆ ಅಳುತ್ತಿದ್ದರು. ಗಂಡಿನ ಕಡೆಯವರು, ಅವರು ಯಾಕೆ ಇಷ್ಟು ಬೇಗ ಅಳುತ್ತಿದ್ದಾರೆಂದು ಜಗಳಕ್ಕೆ ನಿಂತಿದ್ದರು. ನಮ್ಮ ಸಾರು ಡಾಕ್ಟ್ರು ಬಂದು, "ಏನ್ ಸಾರು?" ಎಂದರು. ಮದುಮಗ ಮಾಸ್ಕಿನೊಳಗಿಂದ, "ಬೇಳೆ ಸಾರು" ಎಂದ. "ಅಂಗಿ ಹೊಸದಾ?" "ಹೂಂ ಸರ್." ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಎದೆಯನ್ನು ಒಮ್ಮೆ ಒರೆಸಿದರು. ರೋಗವೆಲ್ಲ ಹತ್ತಿಗೆ ಬಂತು. ಹೊಸ ಅಂಗಿ, ಬೇಸಿಗೆಯ ಬೆವರು, ಹಸಿ ಬಣ್ಣ. ಬಣ್ಣದ ಕೆಲಸಕ್ಕೆ ಹೆಸರಾದ ಊರಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಆದರೆ ನಾನು ಹೇಳಲು ಹೊರಟದ್ದು ಒಂದು ಸೋಮವಾರದ ವಿಷಯ.

ಮಗ್ಗದ ಶೆಡ್ಡಿನ ಮಾಲೀಕ ಮುನಿರಾಜು ತನ್ನ ಕೆಲಸಗಾರನೊಬ್ಬನನ್ನು ಆಟೋದಲ್ಲಿ ಕರೆತಂದ. ಮೂವತ್ತರ ಆಸುಪಾಸಿನ ನೇಕಾರ. ಮದುವೆಯಾಗಿ ಮೂರು ತಿಂಗಳು. ಹಿಂದೆಯೇ ಅವನ ತಾಯಿ, ಅವಳ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಸೊಸೆ, ಸೊಸೆಯ ಕೈಯಲ್ಲಿ ಪದ್ಧತಿಯಂತೆ ಸಾರಿನ ಪಾತ್ರೆ.

ನೇಕಾರ ಗಾಳಿಯಲ್ಲಿ ನೇಯುತ್ತಿದ್ದ. ಕಾಣದ ದಾರವನ್ನು ಎರಡು ಬೆರಳಲ್ಲಿ ಹಿಡಿದು, ಎಳೆದು, ಕಡಿದ ಎಳೆಯನ್ನು ಹುಡುಕಿ, ಗಂಟು ಹಾಕಿ, ಹೆಚ್ಚಾದದ್ದನ್ನು ಹಲ್ಲಿನಿಂದ ಕತ್ತರಿಸಿ ಉಗುಳುತ್ತಿದ್ದ. ಕೆಲಸ ಅಚ್ಚುಕಟ್ಟಾಗಿತ್ತು, ದಾರ ಮಾತ್ರ ಇರಲಿಲ್ಲ.

"ಯಾವಾಗಿಂದ ಹೀಗೆ?" ಎಂದರು ಹೊಸ ಡಾಕ್ಟರು.

"ಒಂದ್ ಗಂಟೆ ಆಯ್ತು ಸಾರ್" ಎಂದ ಮುನಿರಾಜು. "ಕರೆಂಟ್ ಹೋಗಿತ್ತು. ಮಿಕ್ಕೋರೆಲ್ಲ ಟೀ ಕುಡಿಯಕ್ಕೆ ಹೋದ್ರು. ಇವ್ನೊಬ್ಬ ಬಿಡ್ದೆ ಎಳೆ ಕಟ್ತಾನೇ ಅವ್ನೆ. ಏನ್ ನಿಯತ್ತಪ್ಪಾ ಅಂದ್ಕೊಂಡೆ. ಮಿಕ್ಕೋರಿಗೆ ಇವ್ನನ್ನ ತೋರ್ಸಿ ಬುದ್ಧಿನೂ ಹೇಳ್ದೆ."

"ಆಮೇಲೆ?"

"ಆಮೇಲೆ ನೆನಪಾಯ್ತು ಸಾರ್, ಆ ಮಗ್ಗದ ಹಾಸು ಬಿಚ್ಚಿ ಎರಡ್ ದಿನ ಆಗಿತ್ತು. ಮಗ್ಗದ ಮೇಲೆ ಒಂದ್ ಎಳೆನೂ ಇರ್ಲಿಲ್ಲ."

ಬೇರೆ ಊರಿನಲ್ಲಾದರೆ ಮನುಷ್ಯ ಗಾಳಿಯಲ್ಲಿ ಕೈಯಾಡಿಸಿದರೆ ಐದು ನಿಮಿಷಕ್ಕೆ ಹುಚ್ಚೆಂದು ಹಿಡಿಯುತ್ತಾರೆ. ನಮ್ಮಲ್ಲಿ ಒಂದು ಗಂಟೆ ಕಾಲ ಅದನ್ನು ಶ್ರದ್ಧೆ ಎಂದು ಕರೆದು ಗೌರವಿಸಿದರು.

ಅಷ್ಟರಲ್ಲಿ ನೇಕಾರ ಮಂಚದ ಕಂಬಿಯಿಂದ ಗ್ಲೂಕೋಸ್ ಸ್ಟ್ಯಾಂಡಿನವರೆಗೆ ಕಾಣದ ದಾರದ ಒಂದು ಹಾಸು ಹೂಡಿದ್ದ. ನರ್ಸಮ್ಮ ಅದರ ನಡುವೆ ಹಾದುಹೋದಾಗ ಅವನಿಗೆ ಎಲ್ಲಿಲ್ಲದ ಕೋಪ: "ಎಳೆ ಕಣಕ್ಕಾ! ತುಳೀತೀಯಲ್ಲ, ಕಣ್ ಕಾಣಲ್ವಾ?" ಅವರು ಗಾಬರಿಯಾಗಿ ಸೀರೆ ಎತ್ತಿಕೊಂಡು ದಾಟಿದರು. ಅವರನ್ನು ನೋಡಿ ಆಯಾ ದಾಟಿದಳು. ಆಮೇಲೆ ಔಷಧಿ ತಂದ ನಾನೂ ದಾಟಿದೆ. ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೆ ದಾಟಿದೆ.

ಮೈ ಕೆಂಡದಂತೆ ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ. ಮುಖ ಕೆಂಪು, ನಾಲಗೆ ಒಣಗಿದ ಚಕ್ಕೆ. ಮೂಲೆಯಲ್ಲಿ ತಾಯಿ ಶುರುಮಾಡಿದಳು: "ಮದ್ದು ಹಾಕವ್ಳೆ ಸ್ವಾಮಿ! ಗಂಡ ಕೈಯಾಗಿರ್ಲಿ ಅಂತ ಅನ್ನದಾಗೆ ಮದ್ದು ಹಾಕವ್ಳೆ! ನಂಗೆ ಗೊತ್ತು. ಮದ್ದು ತೆಗ್ಯೋನೊಬ್ಬ ಅವ್ನೆ, ವಾಂತಿ ಮಾಡಿಸ್ತಾನೆ, ಅಲ್ಲಿಗ್ ಕರ್ಕೊಂಡೋಯ್ತೀನಿ. ಇವಳಪ್ಪಂಗೆ ಫೋನ್ ಮಾಡಿವ್ನಿ, ಸೂಲಿಬೆಲೆಯಿಂದ ಬರ್ತಾವ್ನೆ. ನಾಲ್ಕ್ ಗಂಟೆಗೆ ಬಂದು ಮಗಳನ್ನ ಕರ್ಕೊಂಡೋಗ್ಲಿ. ಮತ್ತೆ ನಮ್ ಹೊಸ್ಲು ತುಳೀಕೂಡ್ದು."

ಸೊಸೆ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದಳು. ಆ ಪಾತ್ರೆಯಲ್ಲಿ ಏನಿದೆ ಎಂಬುದರ ಮೇಲೆ ಅವಳು ಸಂಜೆಗೆ ಯಾವ ಮನೆಯಲ್ಲಿರುತ್ತಾಳೆ ಎಂಬುದು ನಿಂತಿತ್ತು. ಅದು ಅವಳಿಗೂ ಗೊತ್ತಿತ್ತು.

ಅನ್ನದಲ್ಲಿ ಏನೋ ಹಾಕಿದ್ದಾರೆ ಎಂಬುದಷ್ಟನ್ನೇ ಕೇಳಿಸಿಕೊಂಡ ಹೊಸ ಡಾಕ್ಟರು ವಿಷವೆಂದು ನಿರ್ಧರಿಸಿ, ನನ್ನಿಂದ ಅಟ್ರೊಪಿನ್ ತೆಗೆದುಕೊಂಡು ಸಿರಿಂಜಿಗೆ ತುಂಬಿದರು. ಹೊಲದ ಔಷಧಿ ಕುಡಿದವರಿಗೆ ಕೊಡುವುದು ಅದನ್ನೇ. ಅದೇ ವೇಳೆಗೆ ನಮ್ಮವರು ಚಪ್ಪಲಿ ಬಿಟ್ಟು ಒಳಗೆ ಬಂದರು.

"ಏನ್ ಸಾರು?"

"ಬೆರಕೆ ಸೊಪ್ಪಿನ ಸಾರು" ಎಂದಳು ಸೊಸೆ. ಅವಳು ಆಡಿದ ಮೊದಲ ಮಾತು.

ಬೆರಕೆ ಸೊಪ್ಪೆಂದರೆ ಹೊಲದ ಬದು, ಕೆರೆ ಏರಿಗಳಲ್ಲಿ ತಾನಾಗಿ ಬೆಳೆದ ಹತ್ತಾರು ಬಗೆಯ ಸೊಪ್ಪನ್ನು ಕೊಯ್ದು ಒಟ್ಟಿಗೆ ಬೇಯಿಸುವುದು. ಯಾವುದು ತಿನ್ನುವ ಎಲೆ, ಯಾವುದು ಅಲ್ಲ ಎಂಬ ವಿದ್ಯೆ ಅಜ್ಜಿಯರ ಬೆರಳ ತುದಿಯಲ್ಲಿರುತ್ತದೆ.

ಡಾಕ್ಟರು ಹಾಸನ್ನು ಕಾಲೆತ್ತಿ ದಾಟಿ, ನೇಕಾರನ ಕಣ್ಣಿಗೆ ಟಾರ್ಚು ಬಿಟ್ಟರು. ಪಾಪೆ ಹುಣ್ಣಿಮೆಯ ಚಂದ್ರನಷ್ಟು ಅಗಲ. ಬೆಳಕು ಬಿದ್ದರೂ ಕದಲಲಿಲ್ಲ. ಕಂಕುಳಿಗೆ ಕೈಯಿಟ್ಟು ನೋಡಿದರು, ಒಣ ಹುಲ್ಲು. ಹೊಟ್ಟೆಯ ಕೆಳಗೆ ಒತ್ತಿದರು, ಉಚ್ಚೆ ಕಟ್ಟಿ ಮಡಕೆಯಂತಾಗಿತ್ತು. ಹೊಸ ಡಾಕ್ಟರ ಕೈ ಹಿಡಿದು ಮೆತ್ತಗೆ ಹೇಳಿದರು:

"ಏನ್ ತುಂಬಿದೀಯಪ್ಪಾ?"

"ಅಟ್ರೊಪಿನ್ ಸರ್. ಪಾಯ್ಸನ್..."

"ಇವನ ಹೊಟ್ಟೇಲಿರೋದೇ ಅದು ಕಣಪ್ಪಾ. ಗಿಡದ ರೂಪದಲ್ಲಿ. ಕೆಳಗಿಡು. ಹೊಲದ ಔಷಧಿ ಕುಡಿದೋನು ಬೆವರಲ್ಲಿ, ಜೊಲ್ಲಲ್ಲಿ ನೆಂದು ತೊಪ್ಪೆಯಾಗಿರ್ತಾನೆ, ಪಾಪೆ ಸಾಸಿವೆ ಕಾಳಾಗಿರತ್ತೆ. ಇವನು ಸಂಡಿಗೆ ಒಣಗಿದ ಹಾಗೆ ಒಣಗಿದಾನೆ. ಉಮ್ಮತ್ತಿ, ದತ್ತೂರಿ."

ಸಿರಿಂಜು ಟ್ರೇಗೆ ಬಿದ್ದ ಸದ್ದು ನನಗೆ ಇನ್ನೂ ಕೇಳಿಸುತ್ತದೆ. ಹೊಸ ಡಾಕ್ಟರು ಸ್ಟೂಲಿನ ಮೇಲೆ ಕೂತುಬಿಟ್ಟರು.

ಡಾಕ್ಟರು ನನ್ನ ಕಡೆ ತಿರುಗಿ ಒಂದು ಇಂಜೆಕ್ಷನ್ನಿನ ಹೆಸರು ಹೇಳಿ, "ಇದೆಯಾ?" ಎಂದರು. ಉಮ್ಮತ್ತಿಗೆ ಪ್ರತಿಮದ್ದು. ಅದನ್ನು ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ. "ಇಲ್ಲ ಸರ್." "ಗೊತ್ತಿತ್ತು. ಕೇಳಬೇಕಾದ್ದು ಧರ್ಮ" ಎಂದರು. ಉಳಿದದ್ದು ನಮ್ಮಲ್ಲಿದ್ದ ಚಿಕಿತ್ಸೆ: ಮಂಪರು ಬರಿಸುವ ಇಂಜೆಕ್ಷನ್, ಉಚ್ಚೆಗೆ ನಳಿಕೆ, ಗ್ಲೂಕೋಸು, ಮೈತುಂಬ ಒದ್ದೆ ಬಟ್ಟೆ, ಮೇಲೆ ಫ್ಯಾನು.

ಮುನಿರಾಜು ಮೆಲ್ಲನೆ ಪಾತ್ರೆ ಮುಂದೆ ತಳ್ಳಿದ. "ಸಾರ್, ಉಪ್ಪು..."

"ಇದನ್ನ ನಾನು ನೆಕ್ಕಲ್ಲಪ್ಪ" ಎಂದರು ಡಾಕ್ಟರು.

 ತಾಯಿ ಎದೆ ಬಡಿದುಕೊಂಡಳು: "ನೋಡಿದ್ರಾ! ನೋಡಿದ್ರಾ! ನಾನ್ ಹೇಳ್ಲಿಲ್ವಾ? ಅಡುಗೆ ಮಾಡ್ದೋಳು ಇವ್ಳೇ. ನಂದು ಸೋಮ್ವಾರ ಒಪ್ಪೊತ್ತು, ನಾನ್ ಮುಟ್ಲಿಲ್ಲ. ಇವ್ಳೂ ಉಣ್ಲಿಲ್ಲ, ಯಾಕ್ ಉಣ್ಲಿಲ್ಲ ಕೇಳಿ!"

"ನೀವು ಉಣ್ಣೋವರೆಗೂ ಉಣ್ಣಬೇಡ ಅಂದಿದ್ರಲ್ಲ ಅತ್ತೆ" ಎಂದಳು ಸೊಸೆ, ನೆಲ ನೋಡಿಕೊಂಡು.

ಆಗ ಡಾಕ್ಟರು ಒಂದು ಕೆಲಸ ಮಾಡಿದರು. ಅದನ್ನು ಯಾವ ವೈದ್ಯಕೀಯ ಕಾಲೇಜಿನಲ್ಲೂ ಕಲಿಸುವುದಿಲ್ಲ. ಪಾತ್ರೆಯ ಮುಚ್ಚಳ ತೆಗೆದು, ಕಣ್ಣುಮುಚ್ಚಿ, ಪೂಜಾರಿ ಮಂಗಳಾರತಿ ತೆಗೆದುಕೊಂಡಂತೆ ಮೂಸಿ, "ಆಹಾ" ಎಂದರು.

"ಅಣ್ಣೆ ಸೊಪ್ಪು, ಹೊನಗೊನ್ನೆ, ಕಿರಕಸಾಲೆ, ನುಗ್ಗೆ... ಹದವಾಗಿ ಆರಿಸಿದಾರೆ. ಇಂಥ ಕೈ ಈ ತಾಲ್ಲೂಕಲ್ಲಿ ಉಳಿದಿಲ್ಲ ಅಂದ್ಕೊಂಡಿದ್ದೆ. ಈಗಿನ ಹುಡುಗಿ ಆದ್ರೂ, ಭೇಷ್! ಏನಮ್ಮಾ ಸೊಸೆ, ಎಲ್ಲಿ ಕಲಿತೆ ಸೊಪ್ಪು ಆರಿಸೋದು?"

ಸೊಸೆ ಬಾಯಿ ತೆರೆಯುವ ಮೊದಲೇ ಮುದುಕಿ ಎದ್ದುನಿಂತಳು. "ಇವ್ಳಾ? ಇವ್ಳಿಗೇನ್ ಗೊತ್ತು ಮಣ್ಣು! ಕೊಯ್ದಿದ್ದು ನಾನು! ಏರಿ ಮೇಲೆ ಹೊತ್ ಹುಟ್ಟಕ್ ಮುಂಚೆ ಹೋಗಿ ಕೊಯ್ದಿದ್ದು. ಹೆಚ್ಚಿದ್ದೂ ನಾನೇ. ಇವ್ಳು ಬೇಯ್ಸಿ ಒಗ್ಗರಣೆ ಹಾಕಿದ್ದೇ ಬಂತು. ನೂರ್ ಸೊಪ್ಪು ಗೊತ್ತು ನಂಗೆ!"

"ಮಿಕ್ಕಿರೋ ಹಸಿ ಸೊಪ್ಪು ಮನೇಲಿದೆಯಾ?"

"ಬುಟ್ಟಿ ತುಂಬ ಅವೆ."

ಮುನಿರಾಜು ಆಟೋದಲ್ಲಿ ಹೋಗಿ ಬುಟ್ಟಿ ತಂದ. ಡ್ರೆಸ್ಸಿಂಗ್ ಟೇಬಲ್ಲಿನ ಮೇಲೆ ಬಿಳಿ ಬಟ್ಟೆ ಹಾಸಿ ಸೊಪ್ಪು ಹರವಿದರು. ಡಾಕ್ಟರು ಒಂದೊಂದೇ ಎಲೆ ಎತ್ತಿ ಹಿಡಿದರು, ಮುದುಕಿ ಮೂಗಿಗೆ ತಾಗುವಷ್ಟು ಹತ್ತಿರ ತಂದುಕೊಂಡು ಹೆಸರು ಹೇಳಿದಳು. ಏಳು ಸರಿ. ಎಂಟನೆಯದು ಅಗಲವಾದ, ಅಂಚು ಒಡೆದ ಎಲೆ.

"ಗಣಿಕೆ ಸೊಪ್ಪು" ಎಂದಳು. "ಬಲ್ತಿರೋದು."

ಡಾಕ್ಟರು ಅದನ್ನು ಸೊಸೆಯ ಕಡೆ ಚಾಚಿದರು. "ನೀನೇನಂತೀಯಮ್ಮ?"

ಮುಟ್ಟಲು ಬಂದ ಅವಳ ಕೈ ಹಿಂದಕ್ಕೆ ಹೋಯಿತು. ಅವಳು ಎಲೆಯನ್ನು ನೋಡಿದಳು, ಅತ್ತೆಯ ಕಣ್ಣಿನ ಪೊರೆಯನ್ನು ನೋಡಿದಳು. ಹೊಲದ ಬದುವಿನಲ್ಲಿ ಬೆಳೆದ ಹುಡುಗಿ, ಉಮ್ಮತ್ತಿ ಎಂದು ಒಂದು ಮಾತು ಹೇಳಿದ್ದರೆ ಅವಳ ಮನೆ ಉಳಿಯುತ್ತಿತ್ತು.

"ನಂಗ್ ಗೊತ್ತಾಗಲ್ಲ ಸಾರ್. ಅತ್ತೆ ಹೇಳಿದ್ದೇ ಸರಿ ಇರ್ಬೋದು."

ಮುದುಕಿ ಸೊಸೆಯನ್ನು ನೋಡಿದಳು. ಎಲೆಯನ್ನು ಇನ್ನೊಮ್ಮೆ ತೆಗೆದುಕೊಂಡು, ಈ ಸಲ ಕಣ್ಣಿಗೆ ಹಿಡಿಯದೆ ಬೆರಳಲ್ಲಿ ಉಜ್ಜಿ ಮೂಸಿದಳು. ಬಹಳ ಹೊತ್ತು ಮೂಸಿದಳು. ಆಮೇಲೆ ಸದ್ದಿಲ್ಲದೆ ನೆಲಕ್ಕೆ ಕೂತಳು.

ಡಾಕ್ಟರು ಏನೂ ನಡೆದಿಲ್ಲವೆಂಬಂತೆ ಪೊಲೀಸರಿಗೆ ಕಳಿಸುವ ಫಾರಂ ಎಳೆದುಕೊಂಡರು. ವಿಷದ ಪ್ರಕರಣ, ತಿಳಿಸಲೇಬೇಕು. ಕಾನ್‌ಸ್ಟೇಬಲ್ ಬಂದು, "ಯಾಕ್ ಸಾರ್ ಎಲ್ರೂ ಕಾಲೆತ್ತಿ ಓಡಾಡ್ತಿದೀರ?" ಎಂದು ಕೇಳುತ್ತ ತಾವೂ ಕಾಲೆತ್ತಿ ದಾಟಿ, ಫಾರಂ ಓದಿದರು.

"ಸಾರ್, ಕಾರಣರಾದವರು ಅನ್ನೋ ಕಡೆ ಏನೋ ಬರ್ದಿದೀರ."

"ಉಮ್ಮತ್ತಿ ಗಿಡ. ವಾಸ, ಕೆರೆ ಏರಿ."

"ಗಿಡದ ಮೇಲೆ ಕೇಸ್ ಹೆಂಗ್ ಸಾರ್ ಹಾಕೋದು?"

"ಹೋಗಿ ಹಿಡೀರಿ. ಅಲ್ಲೇ ಇರತ್ತೆ, ಓಡಿಹೋಗಲ್ಲ."

ನಾಲ್ಕು ಗಂಟೆಗೆ ಸೂಲಿಬೆಲೆಯಿಂದ ಸೊಸೆಯ ತಂದೆ ಬಂದ. ಮಗಳ ಬಟ್ಟೆಬರೆ ತುಂಬಿಕೊಳ್ಳಲು ಎರಡು ಖಾಲಿ ಚೀಲ ತಂದಿದ್ದ. ಅಳಿಯ ಮಂಪರಿನಲ್ಲಿದ್ದ, ಬೆರಳು ಮಾತ್ರ ಆಗೊಮ್ಮೆ ಈಗೊಮ್ಮೆ ಒಂದು ಗಂಟು ಹಾಕುತ್ತಿತ್ತು. ತಂದೆ ಬಾಗಿಲಲ್ಲೇ ನಿಂತು, "ಏನ್ ತಪ್ಪು ಮಾಡಿದ್ಲು ನನ್ ಮಗ್ಳು?" ಎಂದ. 

ಮುದುಕಿ ಸೆರಗು ಸರಿಮಾಡಿಕೊಂಡು ಎದ್ದಳು. 

"ತಪ್ಪೇನಿಲ್ಲ ಬೀಗ್ರೇ. ಊಟಕ್ ಅಂತ ಕರ್ದಿದ್ದು. ಮನೇಗ್ ಹೋಗ್ರಿ, ನಿಮ್ ಮಗ್ಳು ಬಡಿಸ್ತಾಳೆ."

ತಂದೆ ಮಲಗಿದ್ದ ಅಳಿಯನನ್ನು ನೋಡಿದ, ನಳಿಕೆ ನೋಡಿದ, ಟೇಬಲ್ಲಿನ ಮೇಲೆ ಹರವಿದ ಎಲೆಗಳನ್ನು ನೋಡಿದ, ಪಾತ್ರೆ ನೋಡಿದ. ಆಮೇಲೆ ಬಹಳ ವಿನಯದಿಂದ ಕೇಳಿದ:

"ಏನ್ ಸಾರು?"

ಡಾಕ್ಟರು ಬಾಯಿಬಿಟ್ಟು ನಕ್ಕದ್ದನ್ನು ನಾನು ನೋಡಿದ್ದು ಆವತ್ತು ಒಂದೇ ಸಲ.

ಮೂರನೆಯ ದಿನ ನೇಕಾರನಿಗೆ ಬುದ್ಧಿ ತಿಳಿಯಾಯಿತು. ಎಷ್ಟು ಗಜ ನೇಯ್ದೆನೆಂದು ಮುನಿರಾಜುವನ್ನು ಕೇಳಿದ. ಸೊಸೆ ತಂದ ಹೆಸರುಬೇಳೆ ಸಾರನ್ನು ಡಾಕ್ಟರು ಅಂಗೈಗೆ ಹಾಕಿಕೊಂಡು ನೆಕ್ಕಿ ಉಪ್ಪಿನ ತೀರ್ಪು ಕೊಟ್ಟರು. ಆ ಹೊತ್ತಿಗೆ ಕೆರೆ ಏರಿಯ ಮೇಲೆ ಒಂದೂ ಉಮ್ಮತ್ತಿ ಗಿಡ ಇರಲಿಲ್ಲ, ಬೇರುಸಹಿತ ಕಿತ್ತು ಒಣಹಾಕಿದ್ದರು. ಕಿತ್ತದ್ದು ಪೊಲೀಸರಲ್ಲ, ಮುದುಕಿ. ಯಾವುದು ಎಂದು ತೋರಿಸುವುದಕ್ಕೆ ಜೊತೆಗೆ ಸೊಸೆ ಹೋಗಿದ್ದಳು.

ಮೊನ್ನೆ ಡಾಕ್ಟರ ತಿಥಿಗೆ ಜಡಿಗೇನಹಳ್ಳಿಗೆ ಹೋಗಿದ್ದೆ. ಪಂಕ್ತಿಯಲ್ಲಿ ಅರ್ಧ ಜನ ಮಾಜಿ ರೋಗಿಗಳು. ನೀಲಿ ಮದುಮಗ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಎಲೆಗೆ ಮುದ್ದೆ ಬಿತ್ತು, ಹಿಂದೆಯೇ ಸಾರು ಬಂತು. ಬೆರಕೆ ಸೊಪ್ಪಿನ ಸಾರು. ಡಾಕ್ಟರಿಗೆ ಬಹಳ ಇಷ್ಟವಾದದ್ದೆಂದು ಅವರ ಹೆಂಡತಿ ಮಾಡಿಸಿದ್ದರಂತೆ.

ಪಂಕ್ತಿಯುದ್ದಕ್ಕೂ ಕೈಗಳು ಮುದ್ದೆಯ ಮೇಲೆ ನಿಂತವು.  ಸಾವಿನ ಮನೆಯಲ್ಲಿ ಹೇಗೆ ಕೇಳುವುದು? ಎಲ್ಲರೂ ನನ್ನ ಕಡೆ ನೋಡಿದರು, ಕಾಂಪೌಂಡರ್ರು ಕೇಳಲಿ ಎಂದು. ನಾನು ಗಂಟಲು ಸರಿಮಾಡಿಕೊಂಡೆ.

"ಸೊಪ್ಪು ಕೊಯ್ದೋರು ಯಾರು?"

ಅಡುಗೆಯ ಒಲೆಯ ಹತ್ತಿರದಿಂದ ಮುದುಕಿಯೊಬ್ಬಳು ಎದ್ದಳು. ಕನ್ನಡಕ ಬಂದಿದ್ದರಿಂದ ನನಗೆ ಗುರುತು ಸಿಗುವುದು ತಡವಾಯಿತು. ಬುಟ್ಟಿ ಹೊತ್ತುಕೊಂಡು ಮೂರು ಬಸ್ಸು ಬದಲಾಯಿಸಿ ಬಂದಿದ್ದಳು. ಪಕ್ಕದಲ್ಲಿ ಸೊಸೆ.

"ಕೊಯ್ದೋಳು ನಾನು" ಎಂದಳು ಮುದುಕಿ. "ನೋಡ್ದೋಳು ಇವ್ಳು."

ಎಲ್ಲರೂ ಊಟಕ್ಕೆ ಕೈಯಿಟ್ಟೆವು. ಸಾರು ಚೆನ್ನಾಗಿತ್ತು. ಉಪ್ಪು ಸರಿಯಾಗಿತ್ತು. ಕಮ್ಮಿ ಎಂದು ಯಾರಾದರೂ ಹೇಳಲಿ ಎಂದು ಮಜ್ಜಿಗೆ ಬರುವವರೆಗೂ ಕಾದೆವು. ಯಾರೂ ಹೇಳಲಿಲ್ಲ.